ಹನ್ನೊಂದು ಸ್ಥಳಗಳ ಪಟ್ಟಿ

ಕಳೆದ ವಾರ ಬೆಂಗಳೂರಿನಲ್ಲಿರುವ ನನ್ನ ಹಳೆಯ ವಿದ್ಯಾರ್ಥಿಯೊಬ್ಬ ಒಂದು ಪಟ್ಟಿಯನ್ನು ಕಳುಹಿಸಿದ್ದ. "ಸರ್, ನಮಸ್ಕಾರ. ಮುಂದಿನ ತಿಂಗಳು ನಾಲ್ಕು ಸಂಸಾರಗಳು ಸೇರಿ ನಿಮ್ಮ ಕರಾವಳಿಗೆ ಬರುತ್ತಿದ್ದೇವೆ. ಶುಕ್ರವಾರ ರಾತ್ರಿ 9ಕ್ಕೆ ಹೊರಟು ಸೋಮವಾರ ಬೆಳಿಗ್ಗೆ 6ಕ್ಕೆ ವಾಪಸ್. ಏನಾದರೂ ಬಿಟ್ಟುಹೋಗಿದ್ದರೆ ದಯವಿಟ್ಟು ಸೇರಿಸಿ" ಎಂದು ಒಕ್ಕಣೆ. ಪಟ್ಟಿಯಲ್ಲಿ ಇದ್ದವು ಇವು: ಮುರ್ಡೇಶ್ವರ, ಇಡಗುಂಜಿ, ಅಪ್ಸರಕೊಂಡ, ಹೊನ್ನಾವರದ ಕಾಂಡ್ಲಾವನದ ಹಲಗೆದಾರಿ, ಮಿರ್ಜಾನ ಕೋಟೆ, ಯಾಣ, ವಿಭೂತಿ ಜಲಪಾತ, ಗೋಕರ್ಣದ ದೇವಸ್ಥಾನ, ಕುಡ್ಲೆ, ಓಂ ಬೀಚ್, ಕಾರವಾರದ ಯುದ್ಧನೌಕೆಯ ಸಂಗ್ರಹಾಲಯ. ಒಟ್ಟು ಹನ್ನೊಂದು.

ವಿಜ್ಞಾನದ ಮೇಷ್ಟರ ಕೈಗೆ ಇಂಥದ್ದು ಸಿಕ್ಕರೆ ಲೆಕ್ಕ ಹಾಕದೆ ಬಿಡುವುದುಂಟೇ? ಒಟ್ಟು ಸಮಯ 57 ಗಂಟೆ. ಬೆಂಗಳೂರಿನಿಂದ ಬಂದು ಹೋಗುವುದಕ್ಕೆ 20. ನಡುವಿನ ಒಂದು ರಾತ್ರಿಯ ನಿದ್ದೆಗೆ 7. ಸ್ನಾನ, ಊಟ, ತಿಂಡಿಗೆ 6. ಸ್ಥಳದಿಂದ ಸ್ಥಳಕ್ಕೆ ಓಡಾಟ, ಘಟ್ಟದ ತಿರುವು, ವಾಹನ ನಿಲ್ಲಿಸುವ ಜಗಳ ಎಲ್ಲ ಸೇರಿ 9. ಉಳಿಯುವುದು 15 ಗಂಟೆ. ಹನ್ನೊಂದರಿಂದ ಭಾಗಿಸಿದರೆ ತಲಾ 1 ಗಂಟೆ 20 ನಿಮಿಷ ಚಿಲ್ಲರೆ. ಇದರಲ್ಲೇ ಚಪ್ಪಲಿ ಕಳಚಿಡುವುದು, ಸರದಿಯಲ್ಲಿ ನಿಲ್ಲುವುದು, ಮಕ್ಕಳನ್ನು ಶೌಚಾಲಯಕ್ಕೆ ಕರೆದೊಯ್ಯುವುದು ಮತ್ತು ಸುಮಾರು ಇನ್ನೂರು ಛಾಯಾಚಿತ್ರಗಳನ್ನು ತೆಗೆಯುವುದು.

ನಮ್ಮ ಕಡಲು ಒಮ್ಮೆ ಉಬ್ಬಿ, ಇಳಿದು, ಮತ್ತೆ ಉಬ್ಬುವುದಕ್ಕೆ ತೆಗೆದುಕೊಳ್ಳುವ ಕಾಲ 12 ಗಂಟೆ 25 ನಿಮಿಷ. ಅದು ಅದರ ಒಂದು ಉಸಿರು. ಆ ಒಂದು ಉಸಿರನ್ನಾದರೂ ಪೂರ್ತಿ ನೋಡದವನು ಸಮುದ್ರವನ್ನು ನೋಡಿ ಬಂದೆನೆಂದು ಹೇಳಿಕೊಳ್ಳುವುದು ಸುಳ್ಳು ಎಂಬುದು ನನ್ನ ವಾದ. ಖಡಕ್ಕಾಗಿ ಹೇಳುತ್ತಿದ್ದೇನೆ. ನನ್ನ ಶಿಷ್ಯರಿಗೆ ಇದು ಹೊಸತೇನಲ್ಲ.

ನೀವು ಕೇಳಬಹುದು, ಪ್ರವಾಸಿಗಳ ಅವಸರದಿಂದ ಈ ಮುದುಕನಿಗೆ ಆಗುವ ನಷ್ಟವೇನು ಎಂದು. ಹೇಳುತ್ತೇನೆ. 2024ರ ಡಿಸೆಂಬರಿನಲ್ಲಿ ಮುರ್ಡೇಶ್ವರದ ಕಡಲಿನಲ್ಲಿ ಕೋಲಾರ ಜಿಲ್ಲೆಯ ವಸತಿಶಾಲೆಯೊಂದರ ನಾಲ್ವರು ವಿದ್ಯಾರ್ಥಿನಿಯರು ಶಾಲಾ ಪ್ರವಾಸದ ವೇಳೆ ನೀರುಪಾಲಾದರು. ಆ ಸುದ್ದಿಯನ್ನು ಓದಿದ ರಾತ್ರಿ ನನಗೆ ನಿದ್ದೆ ಬರಲಿಲ್ಲ. ಆ ಪ್ರಕರಣದಲ್ಲಿ ಯಾರದು ಎಷ್ಟು ತಪ್ಪು ಎಂದು ತೀರ್ಮಾನಿಸಲು ನಾನು ಹೊರಟಿಲ್ಲ. ನಿದ್ದೆ ಬಾರದಿದ್ದುದಕ್ಕೆ ಕಾರಣ ಬೇರೆ. ಮೂವತ್ತೆಂಟು ವರ್ಷಗಳ ಹಿಂದೆ ಅಂಥದ್ದೇ ಸುದ್ದಿ ನನ್ನ ಹೆಸರಿನಲ್ಲಿ ಅಚ್ಚಾಗಬೇಕಿತ್ತು, ಆಗಲಿಲ್ಲ, ಅಷ್ಟೆ.

1986ರ ಡಿಸೆಂಬರು. ಆಗಿನ ಧಾರವಾಡ ಜಿಲ್ಲೆಯ ಒಂದು ಪ್ರೌಢಶಾಲೆಯಲ್ಲಿ ನಾನಿದ್ದೆ. ಶೈಕ್ಷಣಿಕ ಪ್ರವಾಸ ಎಂಬ ಹೆಸರಿನಲ್ಲಿ ನಲವತ್ತೊಂದು ಮಕ್ಕಳನ್ನು ಬಸ್ಸಿಗೆ ತುಂಬಿಕೊಂಡು ಹೊರಟೆವು. ಜೋಗ, ಇಡಗುಂಜಿ, ಮುರ್ಡೇಶ್ವರ, ಗೋಕರ್ಣ, ಕಾರವಾರ, ಬರುವಾಗ ಮಾಗೋಡು, ಎರಡೂವರೆ ದಿನ. ಪಟ್ಟಿಯನ್ನು ತಯಾರಿಸಿದವನು ನಾನೇ. ಬಯಲುಸೀಮೆಯ ಮಕ್ಕಳು, ಅವರಲ್ಲಿ ಹೆಚ್ಚಿನವರು ಸಮುದ್ರವನ್ನು ಕಂಡವರಲ್ಲ. ಎರಡನೆಯ ದಿನ ಮಧ್ಯಾಹ್ನ ದಾರಿಯ ಪಕ್ಕದಲ್ಲಿ ಒಂದು ಸುಂದರವಾದ ಕಡಲತೀರ ಕಾಣಿಸಿತು. "ಅರ್ಧ ಗಂಟೆ, ಅರ್ಧ ಗಂಟೆ ಮಾತ್ರ" ಎಂದು ಇಳಿಸಿದೆ. ತೀರದ ಒಂದು ತುದಿಯಲ್ಲಿ ಸಣ್ಣ ಹೊಳೆಯೊಂದು ಸಮುದ್ರವನ್ನು ಸೇರುತ್ತಿತ್ತು. ಅಲ್ಲಿ ಅಲೆಗಳ ಅಬ್ಬರ ಕಡಿಮೆ, ನೀರು ನುಣ್ಣಗೆ ಕಾಣುತ್ತಿತ್ತು. ಆದುದರಿಂದ ಅಲ್ಲೇ ಸುರಕ್ಷಿತ ಎಂದು ನಾನೇ ಮಕ್ಕಳಿಗೆ ಕೈತೋರಿಸಿದೆ.

ಅದು ಇಳಿತದ ಹೊತ್ತು. ಹೊಳೆಯೊಳಗೆ ಉಬ್ಬರದಲ್ಲಿ ತುಂಬಿದ್ದ ನೀರೆಲ್ಲ ಆ ಕಿರಿದಾದ ಬಾಯಿಯಿಂದ ಸಮುದ್ರಕ್ಕೆ ಮರಳುತ್ತಿತ್ತು. ಮೇಲೆ ನುಣುಪು, ಕೆಳಗೆ ಸೆಳೆತ. ಒಂಬತ್ತನೆಯ ತರಗತಿಯ ಒಬ್ಬ ಹುಡುಗ ಮೊಣಕಾಲುದ್ದದ ನೀರಿನಲ್ಲಿ ನಿಂತಿದ್ದವನು ನಾನು ನೋಡುತ್ತಿದ್ದಂತೆಯೇ ಎದೆಯುದ್ದಕ್ಕೆ ಹೋದ; ಮರುಕ್ಷಣ ಅವನ ತಲೆ ಮಾತ್ರ ಕಾಣಿಸಿತು. ಮರಳಿನ ಮೇಲೆ ಬಲೆ ಸರಿಮಾಡುತ್ತ ಕುಳಿತಿದ್ದ ಇಬ್ಬರು ಮೀನುಗಾರರು ಒಂದು ಮಾತನ್ನೂ ಆಡದೆ ಪಾತಿದೋಣಿಯನ್ನು ನೀರಿಗೆ ನೂಕಿದರು. ಅವನು ಉಳಿದ. ದಡಕ್ಕೆ ತಂದು ಕವುಚಿ ಮಲಗಿಸಿದಾಗ ಕೆಮ್ಮಿದ. ಆ ಕೆಮ್ಮಿನ ಸದ್ದು ಇಂದಿಗೂ ನನ್ನ ಕಿವಿಯಲ್ಲಿದೆ. ಇಬ್ಬರಲ್ಲಿ ಹಿರಿಯವನು ನನ್ನನ್ನು ನೋಡಿ, "ಮಾಸ್ತರೆ, ಮಕ್ಕಳನ್ನ ಇಲ್ಲಿ ಯಾಕೆ ಇಳಿಸಿದ್ರಿ? ಇಳಿತದಲ್ಲಿ ಇಲ್ಲಿ ನಾವೇ ಇಳಿಯೂದಿಲ್ಲ" ಎಂದ. ಬೈಗುಳವಿರಲಿಲ್ಲ. ಬೈದಿದ್ದರೆ ಮರೆಯುತ್ತಿದ್ದೆನೇನೋ.

ಇದರಲ್ಲಿ ಎರಡು ಸಂಗತಿಗಳನ್ನು ನಾನು ಈವರೆಗೆ ಯಾರಿಗೂ ಬರೆದು ಹೇಳಿಲ್ಲ. ಮೊದಲನೆಯದು: ಅದೇ ಮಕ್ಕಳಿಗೆ ಅದಕ್ಕೆ ಒಂದು ತಿಂಗಳ ಮುಂಚೆ ಉಬ್ಬರವಿಳಿತದ ಪಾಠವನ್ನು ಮಾಡಿದ್ದವನು ನಾನೇ. ಕಪ್ಪುಹಲಗೆಯ ಮೇಲೆ ಭೂಮಿ, ಚಂದ್ರ, ಬಾಣದ ಗುರುತು, ಬಣ್ಣದ ಸೀಮೆಸುಣ್ಣ. ಪರೀಕ್ಷೆಯಲ್ಲಿ ಐದು ಅಂಕದ ಪ್ರಶ್ನೆಯನ್ನೂ ಕೊಟ್ಟಿದ್ದೆ. ಆದರೆ ನಿಜವಾದ ಸಮುದ್ರದ ಮುಂದೆ ನಿಂತಾಗ ಈಗ ಉಬ್ಬರವೋ ಇಳಿತವೋ ಎಂಬ ಪ್ರಶ್ನೆ ನನಗೇ ಹೊಳೆಯಲಿಲ್ಲ. ಎರಡನೆಯದು ಇನ್ನೂ ನಾಚಿಕೆಗೇಡು. ಆ ಹುಡುಗನಿಗೆ ಬಿಸಿ ಚಹಾ ಕುಡಿಸಿ, ಒಣ ಬಟ್ಟೆ ತೊಡಿಸಿ, ಗಡಿಯಾರ ನೋಡಿಕೊಂಡು, "ಬೇಗ ಹತ್ತಿ, ಗೋಕರ್ಣ ಇನ್ನೂ ಬಾಕಿ ಇದೆ" ಎಂದೆ. ಪಟ್ಟಿಯಲ್ಲಿತ್ತಲ್ಲ! ಸಾವು ಬಂದು ಮುಟ್ಟಿ ಹೋದ ಮೇಲೂ ನನ್ನನ್ನು ಆಳುತ್ತಿದ್ದುದು ಆ ಕಾಗದದ ಚೂರು.

ಊರಿಗೆ ಮರಳಿದ ಮೇಲೆ "ನಮ್ಮ ಪ್ರವಾಸ" ಎಂದು ಪ್ರಬಂಧ ಬರೆಸಿದೆ. ನಲವತ್ತೊಂದರಲ್ಲಿ ಹೆಚ್ಚುಕಡಿಮೆ ಎಲ್ಲವೂ ಒಂದೇ: ಬಸ್ಸು ಇಷ್ಟಕ್ಕೆ ಹೊರಟಿತು, ಇಂಥದ್ದನ್ನು ನೋಡಿದೆವು, ಅವಲಕ್ಕಿ ತಿಂದೆವು, ಬಸ್ಸು ಮತ್ತೆ ಹೊರಟಿತು. ಸಮುದ್ರದ ಬಗ್ಗೆ "ಬಹಳ ದೊಡ್ಡದಾಗಿದೆ" ಎಂಬುದಕ್ಕಿಂತ ಹೆಚ್ಚಿನ ಮಾತು ಸಿಕ್ಕಿದ್ದು ನಾಲ್ಕೋ ಐದೋ ಪ್ರಬಂಧಗಳಲ್ಲಿ. ಮುಳುಗಿ ಬದುಕಿದವನು ಆ ಘಟನೆಯನ್ನೇ ಬರೆದಿರಲಿಲ್ಲ. ಅವನೀಗ ಇಬ್ಬರು ಮಕ್ಕಳ ತಂದೆ. ಈ ಪುಟವನ್ನು ಓದುತ್ತಾನೆ. ಅವನನ್ನು ಕೇಳಿಯೇ ಇದನ್ನು ಬರೆಯುತ್ತಿದ್ದೇನೆ.

ನನ್ನ ಶ್ರೀಮತಿಯ ತವರು ಕುಮಟಾ ತಾಲೂಕಿನಲ್ಲಿ ಅಘನಾಶಿನಿಯ ಅಂಚಿನ ಒಂದು ಹಳ್ಳಿ. ಆ ಬೇಸಿಗೆಯಲ್ಲಿ ಅಲ್ಲಿಗೆ ಹೋದಾಗ ಅತ್ತೆಯವರ ಮುಂದೆ ಎಲ್ಲವನ್ನೂ ಹೇಳಿಕೊಂಡೆ. ಅವರು ಶಾಲೆಯ ಮೆಟ್ಟಿಲನ್ನು ಹತ್ತಿದವರಲ್ಲ. ಆದರೆ ಇಂದು ಯಾವ ತಿಥಿ ಎಂದು ಹೇಳಿದರೆ ಸಾಕು, ಹೊಳೆಯಲ್ಲಿ ನೀರು ಯಾವ ಹೊತ್ತಿಗೆ ಏರುತ್ತದೆ, ಯಾವ ಹೊತ್ತಿಗೆ ಇಳಿಯುತ್ತದೆ ಎಂದು ಅಡುಗೆಮನೆಯಿಂದಲೇ ಹೇಳುತ್ತಿದ್ದರು. ಅಮಾವಾಸ್ಯೆ ಹುಣ್ಣಿಮೆಗಳಲ್ಲಿ ಏರುವುದೂ ಹೆಚ್ಚು, ಇಳಿಯುವುದೂ ಹೆಚ್ಚು. ಅಷ್ಟಮಿಯ ಆಸುಪಾಸಿನಲ್ಲಿ ಎರಡೂ ಕಡಿಮೆ. ನನ್ನ ಪುಸ್ತಕದಲ್ಲಿ ಇದ್ದುದೂ ಇದೇ. ಅವರಿಗೆ ಅದು ಬದುಕು, ನನಗೆ ಐದು ಅಂಕ.

ಮರುವರ್ಷ, ಅಂದರೆ 1988ರ ಜನವರಿಯಲ್ಲಿ, ಹಟ ಹಿಡಿದು ಇನ್ನೊಂದು ತಂಡವನ್ನು ಆ ಒಂದೇ ಹಳ್ಳಿಗೆ ಕರೆದೊಯ್ದೆ. ಮೂರು ದಿನ. ಅಲ್ಲಿನ ಶಾಲೆಯ ಹಜಾರದಲ್ಲಿ ವಸತಿ, ಕುಚಲಕ್ಕಿಯ ಗಂಜಿ, ಮಾವಿನಮಿಡಿಯ ಉಪ್ಪಿನಕಾಯಿ. ಮೊದಲ ದಿನ ಬೆಳಿಗ್ಗೆ ಮಕ್ಕಳು ಎದ್ದು ನೋಡುವಾಗ ಅಂಗಳದ ಕೆಳಗೆ ಕಣ್ಣು ಹಾಯುವಷ್ಟು ನೀರು. ಮಧ್ಯಾಹ್ನ ನೋಡಿದರೆ ಹೊಳೆಯೇ ಇಲ್ಲ, ಕೆಸರಿನ ಬಯಲು, ನಡುವೆ ಒಂದು ಕಾಲುವೆ. "ಸರ್, ನೀರು ಎಲ್ಲಿ ಹೋಯಿತು?" ಎಂದು ಒಬ್ಬಳು ಗಾಬರಿಯಾಗಿ ಕೇಳಿದಳು. ಆ ಪ್ರಶ್ನೆಗಾಗಿಯೇ ನಾನು ಒಂದು ವರ್ಷ ಕಾದಿದ್ದೆ. ಉತ್ತರ ಹೇಳಲಿಲ್ಲ. ಒಂದು ಕೋಲನ್ನು ಕೊಟ್ಟು, ನೀರು ಮರಳಿ ಬಂದು ಅತ್ಯಂತ ಮೇಲಕ್ಕೆ ಏರಿದ ಜಾಗದಲ್ಲಿ ನೆಟ್ಟು ಸಮಯ ಬರೆದಿಡು ಎಂದೆ. ಮರುದಿನ ಅದೇ ಉಬ್ಬರ ಸುಮಾರು 50 ನಿಮಿಷ ತಡವಾಗಿ ಬಂತು. ಅವಳು ಪಂಚಾಂಗವನ್ನು ಕೇಳಿ ಪಡೆದು, ಬೆರಳು ಮಡಿಸಿ ಎಣಿಸಿ, "ಚಂದ್ರನೂ ದಿನಾ ಅಷ್ಟೇ ತಡವಾಗಿ ಹುಟ್ಟುತ್ತಾನೆ ಸರ್!" ಎಂದು ಕೂಗಿದಳು. ನನ್ನ ಮೂವತ್ತನಾಲ್ಕು ವರ್ಷಗಳ ಸೇವೆಯಲ್ಲಿ ಅಂಥ ಕೂಗುಗಳನ್ನು ಎರಡು ಕೈಗಳ ಬೆರಳುಗಳಲ್ಲಿ ಎಣಿಸಬಹುದು.

ಇಳಿತದ ಹೊತ್ತಿನಲ್ಲಿ ಹೆಂಗಸರು ಬುಟ್ಟಿ ಹಿಡಿದು ಬಳಚು ಹೆಕ್ಕಲು ಇಳಿಯುತ್ತಿದ್ದರು. ಸೊಂಟ ಬಗ್ಗಿಸಿ, ಪಾದದಿಂದ ಕೆಸರನ್ನು ತಡವಿ, ಚಿಪ್ಪು ತಗುಲಿತೆಂದರೆ ಕೈಹಾಕಿ ತೆಗೆಯುವ ಆ ಕೆಲಸವನ್ನು ಮಕ್ಕಳು ಹತ್ತು ನಿಮಿಷ ಮಾಡಿ ಸೋತರು. (ಬಳಚಿನ ರುಚಿ ಹೇಗೆಂದು ನನ್ನನ್ನು ಕೇಳಬೇಡಿ, ನಾನು ಸಸ್ಯಾಹಾರಿ. ತಿಂದ ಮಕ್ಕಳು ಇಂದಿಗೂ ಅದನ್ನೇ ಜಪಿಸುತ್ತಾರೆ.) ಗಜನಿಯ ಒಡ್ಡಿನ ಮೇಲೆ ನಡೆಸಿದೆವು. ಮಳೆಗಾಲದಲ್ಲಿ ಅಲ್ಲಿ ಬೆಳೆಯುವುದು ಉಪ್ಪುನೀರನ್ನು ಸಹಿಸುವ ಕಗ್ಗ ಎಂಬ ಭತ್ತ. ನೆರೆಯಲ್ಲಿ ಕೆಲವು ದಿನ ಮುಳುಗಿದರೂ ಕೊಳೆಯದ ಗಟ್ಟಿ ಜಾತಿ. ಕೊಯ್ಲು ಮುಗಿದ ಮೇಲೆ ತೂಬನ್ನು ತೆರೆದು ಉಬ್ಬರದ ನೀರನ್ನು ಒಳಗೆ ಬಿಟ್ಟುಕೊಂಡರೆ ಅದೇ ಗದ್ದೆಯಲ್ಲಿ ಸಿಗಡಿ, ಮೀನು. ಒಂದೇ ನೆಲ ವರ್ಷಕ್ಕೆ ಎರಡು ವೇಷ ಹಾಕುತ್ತದೆ. ಸಾಣಿಕಟ್ಟೆಯ ಉಪ್ಪಿನಾಗರದಲ್ಲಿ ಆಗಿನ್ನೂ ಮಡಿಗಳನ್ನು ಹದಗೊಳಿಸುವ ಕೆಲಸ ನಡೆದಿತ್ತು. ಉಬ್ಬರದಲ್ಲಿ ಒಳಬಂದ ನೀರು ಮಡಿಯಿಂದ ಮಡಿಗೆ ಹರಿದು, ಬಿಸಿಲಿಗೆ ಇಂಗಿ, ಕೊನೆಗೆ ಹರಳಾಗುವ ಬಗೆಯನ್ನು ಅಲ್ಲಿನ ಕೆಲಸಗಾರರೊಬ್ಬರು ನನಗಿಂತ ಚೆನ್ನಾಗಿ ವಿವರಿಸಿದರು. ನಾನು ಹಿಂದಿನ ಸಾಲಿನಲ್ಲಿ ಕುಳಿತು ಕೇಳಿದೆ. ಮಿರ್ಜಾನ ಕೋಟೆಗೆ ಅರ್ಧ ದಿನವನ್ನು ಇಟ್ಟುಕೊಂಡೆವು. ಪೋರ್ಚುಗೀಸರು ಕಾಳುಮೆಣಸಿನ ರಾಣಿ ಎಂದು ಕರೆದ ಗೇರುಸೊಪ್ಪೆಯ ಚೆನ್ನಭೈರಾದೇವಿ ಹೊಳೆಯ ದಂಡೆಯ ಮೇಲೆಯೇ ಕೋಟೆಯನ್ನು ಏಕೆ ಕಟ್ಟಿಸಿಕೊಂಡಳು ಎಂಬುದನ್ನು ಮೂರು ದಿನ ಹೊಳೆಯ ಏರಿಳಿತವನ್ನು ಕಂಡ ಮಕ್ಕಳಿಗೆ ಬಿಡಿಸಿ ಹೇಳಬೇಕಾಗಿರಲಿಲ್ಲ. ದೋಣಿಗಳು ಉಬ್ಬರದೊಂದಿಗೆ ಒಳಬಂದು ಮೆಣಸನ್ನು ತುಂಬಿಕೊಂಡು ಇಳಿತದೊಂದಿಗೆ ಹೊರಹೋಗುವ ಚಿತ್ರವನ್ನು ಅವರೇ ಬರೆದು ತೋರಿಸಿದರು. ಕೊನೆಯ ರಾತ್ರಿ ಪಕ್ಕದ ಊರಿನ ಕೊಯ್ದ ಗದ್ದೆಯಲ್ಲಿ ಯಕ್ಷಗಾನ. ಮೊದಲ ಒಂದು ತಾಸು ನಕ್ಕವರು ಬೆಳಗಿನ ಜಾವದವರೆಗೆ ಕಣ್ಣು ಮಿಟುಕಿಸಲಿಲ್ಲ.

ಇಷ್ಟೆಲ್ಲ ಆಗಿ ಊರಿಗೆ ಮರಳಿದರೆ ಸ್ವಾಗತ ಹೇಗಿತ್ತು ಗೊತ್ತೇ? ಪಾಲಕರ ಸಭೆಯಲ್ಲಿ ಒಬ್ಬರು ಎದ್ದು ನಿಂತು, "ಮಾಸ್ತರರು ಜೋಗ ತೋರಿಸಲಿಲ್ಲ, ಮುರ್ಡೇಶ್ವರ ತೋರಿಸಲಿಲ್ಲ. ಕೆಸರು ತೋರಿಸಲಿಕ್ಕೆ ಸಮುದ್ರದ ತನಕ ಹೋಗಬೇಕಿತ್ತೇ? ನಮ್ಮ ಊರ ಕೆರೆಯಲ್ಲೇ ಬೇಕಾದಷ್ಟು ಕೆಸರಿದೆ" ಎಂದರು. ಸಭೆಯೆಲ್ಲ ನಕ್ಕಿತು. ಮುಖ್ಯೋಪಾಧ್ಯಾಯರು, ನಿಗದಿತ ಸ್ಥಳಗಳನ್ನು ತೋರಿಸದಿದ್ದುದಕ್ಕೆ ಕಾರಣ ಕೇಳಿ ನನಗೊಂದು ಪತ್ರವನ್ನೂ ಕೊಟ್ಟರು. ಅದಾದ ಮೇಲೆ ಆ ಶಾಲೆಯಲ್ಲಿ ಪ್ರವಾಸದ ಹೊಣೆಯನ್ನು ನನಗೆ ವಹಿಸಲಿಲ್ಲ.

"ಅಲ್ಲಿ ನೋಡುವಂಥದ್ದೇನಿದೆ, ಕೆಸರು" ಎಂಬ ಈ ಮಾತನ್ನು ಹಗುರವಾಗಿ ತೆಗೆದುಕೊಳ್ಳಬೇಡಿ. ಅದೇ ಹೊಳೆಯ ಮುಖದಲ್ಲಿ, ತದಡಿಯಲ್ಲಿ, ಬೃಹತ್ ಉಷ್ಣ ವಿದ್ಯುತ್ ಸ್ಥಾವರದ ಪ್ರಸ್ತಾಪ ಬಂದು ಜನರ ವಿರೋಧದಿಂದ ಹಿಂದೆ ಸರಿಯಿತು; ದೊಡ್ಡ ಬಂದರಿನ ಮಾತೂ ವರ್ಷಗಳಿಂದ ಏಳುತ್ತ ಬೀಳುತ್ತ ಬಂದಿದೆ. ಯೋಜನೆಗಳಿಗೆ ಜಾಗವನ್ನು ಹುಡುಕುವವರ ಕಣ್ಣಿಗೂ ಅದು ಖಾಲಿ ಕೆಸರೇ. ಬಳಚನ್ನು ಹೆಕ್ಕುವವರು, ಸಿಗಡಿ ಹಿಡಿಯುವವರು, ಕಗ್ಗ ಬಿತ್ತುವವರು, ಚಳಿಗಾಲದಲ್ಲಿ ಬಂದಿಳಿಯುವ ಹಕ್ಕಿಗಳು, ಕಾಂಡ್ಲಾ ಬೇರುಗಳ ನಡುವೆ ಬೆಳೆಯುವ ಮೀನಿನ ಮರಿಗಳು ಇವೆಲ್ಲ ನಕ್ಷೆಯಲ್ಲಿ ಕಾಣುವುದಿಲ್ಲ. 2024ರ ಜನವರಿಯ ಕೊನೆಯಲ್ಲಿ ಅಘನಾಶಿನಿಯ ಅಳಿವೆಯ 4801 ಹೆಕ್ಟೇರ್ ಪ್ರದೇಶ ರಾಮ್ಸಾರ್ ಪಟ್ಟಿಗೆ, ಅಂದರೆ ಅಂತಾರಾಷ್ಟ್ರೀಯ ಮಹತ್ವದ ಜೌಗುಪ್ರದೇಶಗಳ ಪಟ್ಟಿಗೆ, ಸೇರಿತೆಂದು ಪ್ರಕಟವಾದಾಗ ನಾನು ಆ ಪತ್ರಿಕೆಯ ತುಂಡನ್ನು ಕತ್ತರಿಸಿ, ಮುಖ್ಯೋಪಾಧ್ಯಾಯರ ಆ ಹಳೆಯ ಪತ್ರದೊಂದಿಗೆ ಒಂದೇ ಕಡತದಲ್ಲಿ ಇಟ್ಟಿದ್ದೇನೆ. ಸಣ್ಣತನವೆಂದರೆ ಎನ್ನಿ. ನಿಮ್ಮ ಹನ್ನೊಂದು ಸ್ಥಳಗಳಲ್ಲಿ ಈ ಅಳಿವೆಯಿಲ್ಲ. ಮಿರ್ಜಾನದಿಂದ ಗೋಕರ್ಣದತ್ತ ಹೋಗುವಾಗ ನೀವು ಇದರ ಅಂಚಿನಲ್ಲೇ ಹೋಗುತ್ತೀರಿ. ಆ ಹೊತ್ತಿಗೆ ಕಾರಿನೊಳಗೆ ಎಲ್ಲರೂ ಹಿಂದಿನ ಸ್ಥಳದ ಚಿತ್ರಗಳನ್ನು ನೋಡುತ್ತಿರುತ್ತೀರಿ.

ಈ ಬರಹದ ಮೊದಲ ಕರಡನ್ನು ಶ್ರೀಮತಿಯ ಅಣ್ಣನ ಮಗನಿಗೆ ಓದಿ ಹೇಳಿದೆ. ಅವನು ಮನೆಯ ಎರಡು ಕೋಣೆಗಳನ್ನು ಪ್ರವಾಸಿಗರಿಗೆ ಬಾಡಿಗೆಗೆ ಕೊಡುತ್ತಾನೆ. "ಮಾವಾ, ನೀವು ಹೀಗೆ ಬರೆದರೆ ನಮ್ಮ ಹೊಟ್ಟೆಯ ಮೇಲೆ ಹೊಡೆದ ಹಾಗೆ" ಎಂದ. ಅವನ ಮಾತನ್ನು ತಳ್ಳಿಹಾಕಲಾರೆ. ಕೊಂಕಣ ರೈಲು 1998ರಲ್ಲಿ ಪೂರ್ತಿಯಾದಾಗಿನಿಂದ ಇಲ್ಲಿನ ಎಷ್ಟೋ ಮನೆಗಳ ಒಲೆ ಉರಿದಿರುವುದು ಬಂದು ಹೋಗುವವರಿಂದ. ನಾನು ಬರಬೇಡಿ ಎನ್ನುತ್ತಿಲ್ಲ. ಆದರೆ ಹನ್ನೊಂದು ಕಡೆ ಒಂದೊಂದು ಗಂಟೆ ನಿಲ್ಲುವ ಕಾರು ಯಾರಿಗೆ ಏನು ಕೊಟ್ಟು ಹೋಗುತ್ತದೆ? ಹೆದ್ದಾರಿಯ ಹೋಟೆಲಿಗೆ ಒಂದಿಷ್ಟು, ಪೆಟ್ರೋಲ್ ಬಂಕಿಗೆ ಬಹಳಷ್ಟು. ಊರಿಗೆ ಖಾಲಿ ಬಾಟಲಿ, ಚಿಪ್ಸಿನ ಪೊಟ್ಟಣ. ಎರಡು ರಾತ್ರಿ ಒಂದೇ ಮನೆಯಲ್ಲಿ ಉಳಿದವನಾದರೋ ಬಾಡಿಗೆ ಕೊಡುತ್ತಾನೆ, ಊಟಕ್ಕೆ ಕೊಡುತ್ತಾನೆ, ದೋಣಿಯವನಿಗೆ ಕೊಡುತ್ತಾನೆ, ಹೋಗುವಾಗ ಒಂದು ಚೀಲ ಉಪ್ಪನ್ನೋ ಕಗ್ಗದ ಅಕ್ಕಿಯನ್ನೋ ಕೊಂಡೊಯ್ಯುತ್ತಾನೆ. ಲೆಕ್ಕ ಹಾಕಿ ತೋರಿಸಿದೆ. ಅಳಿಯ ತಲೆ ಕೆರೆದುಕೊಂಡು, "ಅದೂ ಹೌದು" ಎಂದ.

ರಜೆ ಸಿಗುವುದಿಲ್ಲ ಸರ್, ಎನ್ನುವಿರಿ. ಅದು ನಿಜ, ಅದರ ಬಗ್ಗೆ ನನಗೆ ಕನಿಕರವಿದೆ. ವರ್ಷಕ್ಕೊಮ್ಮೆ ಸಿಕ್ಕ ಎರಡು ದಿನಗಳಲ್ಲಿ ಮಕ್ಕಳಿಗೆ ಆದಷ್ಟನ್ನು ತೋರಿಸಿಬಿಡೋಣ ಎಂಬ ತಂದೆತಾಯಿಯ ಆಸೆಯಲ್ಲಿ ಕೆಟ್ಟದ್ದೇನೂ ಇಲ್ಲ. ಆದರೆ ದಿನಗಳು ಎರಡೇ ಎಂದಾದರೆ ಸ್ಥಳಗಳು ಕಡಿಮೆಯಾಗಬೇಕಲ್ಲದೆ ಹೆಚ್ಚಾಗಬೇಕೇ? ರಾತ್ರಿಯೆಲ್ಲ ಕಾರನ್ನು ಓಡಿಸಿ ಕೆಂಪು ಕಣ್ಣಿನಲ್ಲಿ ಅಲೆಗಳಿಗೆ ಇಳಿಯುವುದಕ್ಕಿಂತ ಬೆಂಗಳೂರಿನಿಂದ ಕಾರವಾರಕ್ಕೆ ಬರುವ ರಾತ್ರಿ ರೈಲಿನಲ್ಲಿ ಮಲಗಿ ಬನ್ನಿ, ಕುಮಟಾದಲ್ಲೋ ಗೋಕರ್ಣ ರೋಡಿನಲ್ಲೋ ಇಳಿಯಿರಿ. ಯಾಣದ 120 ಮೀಟರಿನ ಭೈರವೇಶ್ವರ ಶಿಖರ ಮುಂದಿನ ವರ್ಷವೂ ಅಲ್ಲೇ ಇರುತ್ತದೆ. ಎಷ್ಟೋ ಕಾಲದಿಂದ ಕದಲದೆ ನಿಂತದ್ದು ನಿಮ್ಮ ಮುಂದಿನ ರಜೆಯವರೆಗೆ ಕಾಯಲಾರದೇ?

ಇನ್ನು ನೀರಿನ ವಿಷಯ. ಇಲ್ಲಿ ನಾನು ಕೈಮುಗಿದು ಬೇಡಿಕೊಳ್ಳುವವನು. ಅಲೆಗಳು ದಡಕ್ಕೆ ತಂದು ಸುರಿದ ನೀರು ಹೇಗಾದರೂ ಹಿಂದಕ್ಕೆ ಹೋಗಲೇಬೇಕು; ಅದು ಕಿರಿದಾದ ಓಣಿಯೊಂದನ್ನು ಹುಡುಕಿಕೊಂಡು ರಭಸದಿಂದ ಹೋಗುತ್ತದೆ. ಆ ಓಣಿಯಲ್ಲಿ ಅಲೆ ಒಡೆಯುವುದು ಕಡಿಮೆ, ನೊರೆ ಕಡಿಮೆ. ಆದ್ದರಿಂದಲೇ ತಿಳಿಯದವನಿಗೆ ಅದೇ ಶಾಂತವಾದ ಜಾಗವೆಂದು ತೋರುತ್ತದೆ, 1986ರಲ್ಲಿ ನನಗೆ ತೋರಿದಂತೆ. ಬಂಡೆಗಳ ಪಕ್ಕದಲ್ಲೂ ಹೊಳೆಯ ಬಾಯಲ್ಲೂ ಇಳಿಯಬೇಡಿ. ಸೆಳೆತಕ್ಕೆ ಸಿಕ್ಕವನು ನೇರವಾಗಿ ದಡದ ಕಡೆಗೆ ಈಜಿ ಸುಸ್ತಾಗಬಾರದು. ದಡಕ್ಕೆ ಸಮಾನಾಂತರವಾಗಿ ಪಕ್ಕಕ್ಕೆ ಈಜಿ ಓಣಿಯಿಂದ ಹೊರಬಿದ್ದು, ಆಮೇಲೆ ದಡಕ್ಕೆ ತಿರುಗಬೇಕು. ಜೀವರಕ್ಷಕ ಸೀಟಿ ಊದಿದರೆ ಅವನೊಂದಿಗೆ ವಾದ ಮಾಡಬೇಡಿ. ಜೂನ್ 1ರಿಂದ ಜುಲೈ 31ರವರೆಗೆ ನಮ್ಮ ಕರಾವಳಿಯಲ್ಲಿ ಯಾಂತ್ರಿಕ ದೋಣಿಗಳೇ ಕಡಲಿಗೆ ಇಳಿಯುವಂತಿಲ್ಲ. ಮೀನಿನ ಸಂತತಿಗಾಗಿ ಮಾಡಿದ ನಿಯಮ ನಿಜ, ಆದರೆ ಆ ದಿನಗಳ ಕಡಲನ್ನು ಒಮ್ಮೆ ಕಂಡರೆ ಬೇರೆ ಕಾರಣ ಬೇಕಿಲ್ಲವೆನಿಸುತ್ತದೆ. ಆಗ ಅಂಗಿಯ ತೋಳನ್ನು ಮಡಿಸಿ ಅದೇ ಕಡಲಿಗೆ ಇಳಿಯುವ ನಿಮ್ಮ ಧೈರ್ಯವನ್ನು ಕಂಡು ಮೀನುಗಾರರು ಬೆರಗಾಗುವುದಿಲ್ಲ. ದೋಣಿಯನ್ನು ಸಿದ್ಧವಾಗಿ ಇಟ್ಟುಕೊಳ್ಳುತ್ತಾರೆ, ಅಷ್ಟೆ. ಮಳೆಗಾಲದಲ್ಲೂ ಬನ್ನಿ, ಸಂತೋಷ. ಜಗಲಿಯ ಮೇಲೆ ಕುಳಿತು ನೋಡಿ.

ಹಾಂ, ಇನ್ನೊಂದು. ಬಳಚು ಹೆಕ್ಕುವ ಹೆಂಗಸರ ತಲೆಯ ಮೇಲೆ ಡ್ರೋನನ್ನು ಹಾರಿಸಬೇಡಿ. ಹೋದ ವರ್ಷ ಒಬ್ಬರು ಹಾರಿಸಿದರು. ಸೀರೆ ಎತ್ತಿಕಟ್ಟಿಕೊಂಡು ಕೆಸರಿನಲ್ಲಿ ದುಡಿಯುವವರನ್ನು ಕೇಳದೆ ಚಿತ್ರ ತೆಗೆಯುವವನು ತನ್ನ ಅಮ್ಮನ ಅಡುಗೆಮನೆಯ ಕಿಟಕಿಯಿಂದ ಹಾಗೆ ಯಾರಾದರೂ ಇಣುಕಿದರೆ ಸುಮ್ಮನಿರುತ್ತಾನೆಯೇ?

ನನ್ನ ವಿದ್ಯಾರ್ಥಿಗೆ ಇಷ್ಟೆಲ್ಲ ಬರೆಯಲಿಲ್ಲ. "ಸೇರಿಸಲು ಏನೂ ಇಲ್ಲ, ತೆಗೆಯಲು ಹತ್ತು ಇವೆ" ಎಂದು ಒಂದೇ ಸಾಲು ಕಳುಹಿಸಿದ್ದೆ. ಎರಡು ದಿನ ಸದ್ದಿಲ್ಲ. ಸಿಟ್ಟಾದನೇನೋ ಎಂದುಕೊಂಡೆ. ನಿನ್ನೆ ಸಂಜೆ ಉತ್ತರ ಬಂತು: "ಸರ್, ಮನೆಯಲ್ಲಿ ದೊಡ್ಡ ಜಗಳವಾಗಿ ಎಂಟನ್ನು ತೆಗೆದೆವು. ಮೂರು ಉಳಿದಿವೆ. ಹೆಂಡತಿಗೆ ಗೋಕರ್ಣದ ದೇವರ ದರ್ಶನ ಆಗಲೇಬೇಕಂತೆ, ಮಕ್ಕಳಿಗೆ ಓಂ ಬೀಚ್ ಬೇಕಂತೆ, ನನಗೆ ಕೋಟೆ." ಮೂರಿರಲಿ, ಪರವಾಗಿಲ್ಲ, ಮೂರೂ ಒಂದೇ ಹೊಳೆಯ ಆಸುಪಾಸಿನವು ಎಂದು ಬರೆದೆ. ಪಂಚಾಂಗವನ್ನು ತೆಗೆದು ನೋಡಿದರೆ ಅವನು ಬರುವ ಶನಿವಾರ ಅಮಾವಾಸ್ಯೆಯ ಮಾರನೆಯ ದಿನ. ಇಳಿತ ಜೋರಾಗಿರುತ್ತದೆ. ಮಕ್ಕಳಿಗೆ ಹಳೆಯ ಚಪ್ಪಲಿ ಹಾಕಿಸಿಕೊಂಡು ಬಾ, ಒಂದು ಕೋಲನ್ನು ನಾನು ತರುತ್ತೇನೆ ಎಂದು ತಿಳಿಸಿದ್ದೇನೆ.